ಶಿರಸಿ-ಸಿದ್ದಾಪುರ ಕರನಿರಾಕರಣೆ ಚಳವಳಿ

ಶಿರಸಿ-ಸಿದ್ದಾಪುರ ಕರನಿರಾಕರಣೆ ಚಳವಳಿಯು 1930ರ ದಶಕದ ಆರಂಭದಲ್ಲಿ, ಕಾನೂನುಭಂಗ ಚಳವಳಿಯ ಅಂಗವಾಗಿ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯಲ್ಲಿ ನಡೆದ ರೈತ ಹೋರಾಟ. ಭೂಕಂದಾಯವನ್ನು ಕೊಡದಿರುವುದೇ ಅದರ ವಿಧಾನ. 1928ರ ಬಾರ್ಡೋಲಿ ಸತ್ಯಾಗ್ರಹದ ಮಾದರಿ ಜನರ ಮುಂದಿತ್ತು.

ಇದೇ ಜಿಲ್ಲೆಯ ಅಂಕೋಲೆಯಲ್ಲಿ ಕರನಿರಾಕರಣೆಯು ಮುಖ್ಯವಾಗಿ ರಾಜಕೀಯ ಸ್ವರೂಪದ್ದಾಗಿತ್ತು. ಘಟ್ಟದ ಮೇಲಿನ ಈ ಎರಡು ತಾಲೂಕುಗಳಲ್ಲಾದರೋ ಅದಕ್ಕೆ ಆರ್ಥಿಕ ಸಂಕಟವೇ ಮೂಲ. ಬೆಳೆ ಕೈಕೊಟ್ಟಿತ್ತು, ಜಾಗತಿಕ ಆರ್ಥಿಕ ಕುಸಿತದಿಂದ ಧಾರಣೆ ಇಳಿದಿತ್ತು. ಕಂದಾಯ ಮಾತ್ರ ಇಳಿಯಲಿಲ್ಲ.

ಕಂದಾಯ ಕೊಡದವರ ಜಮೀನು ಹಾಗೂ ಚರಸೊತ್ತುಗಳನ್ನು ಸರ್ಕಾರವು ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಳ್ಳುವವರು ಸಿಕ್ಕರೆ ಹೋರಾಟ ಮುರಿಯುವುದು ಖಚಿತವಾಗಿತ್ತು. ಆದುದರಿಂದ 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಮಹಿಳೆಯರು ಜಪ್ತಿಯ ಸೊತ್ತು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಚಳವಳಿಯ ಕಥನಗಳಲ್ಲಿ ನಾಯಕರ ಹೆಸರುಗಳೇ ಹೆಚ್ಚು. ಅದನ್ನು ಊರೊಳಗೆ ಜೀವಂತವಾಗಿರಿಸಿದವರಲ್ಲಿ ಈ ಸ್ತ್ರೀಯರ ಪಾಲು ದೊಡ್ಡದು.

1934ರಲ್ಲಿ ಗಾಂಧೀಜಿ ಈ ಭಾಗಕ್ಕೆ ಭೇಟಿಯಿತ್ತರು. ಮುಟ್ಟುಗೋಲಾದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸುವ ಕ್ರಮವನ್ನು ಕೈಗೊಂಡದ್ದು 1937ರಲ್ಲಿ ಅಧಿಕಾರಕ್ಕೆ ಬಂದ ಬಿ.ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಸರ್ಕಾರ. ಮಾವಿನಗುಂಡಿಯಲ್ಲಿ ಮಹಿಳಾ ಸತ್ಯಾಗ್ರಹದ ಸ್ಮಾರಕವಿದೆ.