ಸನ್ಯಾಸಿಯ ಸಾಮೆ, ಕುದುರೆಯ ಓಟ್ಸ್

ಮೊರಾಕ್ಕೊದ ಇಬ್ನ್ ಬತೂತಾ ದಿಲ್ಲಿಗೆ ಬಂದದ್ದು 1334ರಲ್ಲಿ. ಮುಹಮ್ಮದ್ ಬಿನ್ ತುಘಲಕ್ ಅವನನ್ನು ಊರಿನ ಕಾಜಿಯಾಗಿ ನೇಮಿಸಿದ. ಹಲವು ವರ್ಷ ಅಲ್ಲಿದ್ದ ಬತೂತಾ, ಮುಂದೆ ತನ್ನ ದೇಶಕ್ಕೆ ಮರಳಿ ಹೇಳಿ ಬರೆಸಿದ ಪ್ರವಾಸಕಥನದಲ್ಲಿ ಸುಲ್ತಾನನ ಕ್ರೌರ್ಯಕ್ಕೂ ಔದಾರ್ಯಕ್ಕೂ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ. ಅದರ ನಡುವೆ ಧಾನ್ಯಗಳ ಬಗ್ಗೆ ಒಂದು ಸಣ್ಣ ಭಾಗವಿದೆ. ಚರಿತ್ರೆ ಓದುವವರು ಸಾಮಾನ್ಯವಾಗಿ ದಾಟಿಕೊಂಡು ಹೋಗುವ ಭಾಗ ಅದು.

ಅಲ್ಲಿ ಅವನು 'ಶಾಮಾಖ್' ಎಂಬ ಸಣ್ಣ ಕಾಳಿನ ಹೆಸರು ಹೇಳುತ್ತಾನೆ. ಅದು ಬಿತ್ತದೆಯೇ ಬೆಳೆಯುತ್ತಿತ್ತು. ಸನ್ಯಾಸಿಗಳು, ವಿರಕ್ತರು, ಬಡವರು ಎಡಗೈಯಲ್ಲಿ ದೊಡ್ಡ ಬುಟ್ಟಿ, ಬಲಗೈಯಲ್ಲಿ ಚಾವಟಿ ಹಿಡಿದು ಹೊರಡುತ್ತಿದ್ದರು. ತೆನೆಗೆ ಬಾರಿಸಿದರೆ ಕಾಳು ಬುಟ್ಟಿಗೆ ಉದುರುತ್ತಿತ್ತು. ಹಾಗೆ ವರ್ಷದ ಊಟ ಕೂಡಿಡುತ್ತಿದ್ದರು. ಒಣಗಿಸಿ, ಮರದ ಒರಳಲ್ಲಿ ಕುಟ್ಟಿ, ಹೊಟ್ಟು ಹಾರಿಸಿದರೆ ಒಳಗಿನ ಬಿಳಿ ಕಾಳು ಸಿಗುತ್ತಿತ್ತು. ಅದನ್ನು ಎಮ್ಮೆಯ ಹಾಲಿನಲ್ಲಿ ಬೇಯಿಸಿದ ಗಂಜಿ ರೊಟ್ಟಿಗಿಂತ ರುಚಿ, ತಾನು ಅದನ್ನು ಎಷ್ಟೋ ಸಲ ಇಷ್ಟಪಟ್ಟು ತಿಂದಿದ್ದೇನೆ ಎನ್ನುತ್ತಾನೆ ದಿಲ್ಲಿಯ ಕಾಜಿ.

ಶಾಮಾಖ್ ಎಂದರೆ ಸಂಸ್ಕೃತದ ಶ್ಯಾಮಾಕ, ಹಿಂದಿಯ ಸಾಂವಾ ಅಥವಾ ಸಮಾ. ಹೆಸರಿನಲ್ಲಿ ಕನ್ನಡದ ಸಾಮೆಗೆ ಹತ್ತಿರ. ಆದರೆ ಇವತ್ತು ದಿಲ್ಲಿಯಲ್ಲಿ ಸಮಾಕ್ ಎಂದು ಮಾರುವ ಕಾಳು ಕರ್ನಾಟಕದ ಊದಲು. ಹೆಸರುಗಳು ಊರೂರು ಅಲೆಯುವಾಗ ಕಾಳು ಬದಲಾಯಿಸಿಕೊಳ್ಳುತ್ತವೆ.

ಬತೂತಾ ಕಂಡ ದಿಲ್ಲಿಯಲ್ಲೇ ಹೌಜ್ ಖಾಸ್ ಇತ್ತು. ಅಲಾವುದ್ದೀನ್ ಖಿಲ್ಜಿ ಸಿರಿ ಪಟ್ಟಣದ ನೀರಿಗಾಗಿ ತೋಡಿಸಿದ ಕೆರೆ ಅದು. ಸುತ್ತ ಗಾಯಕರು, ವಾದ್ಯಗಾರರು ವಾಸವಾಗಿದ್ದರು. ಆ ಬಡಾವಣೆಗೆ ತರಬಾಬಾದ್ ಎಂದೇ ಹೆಸರು, ಸಂತೋಷದ ಊರು. ಇಂದು ಹೌಜ್ ಖಾಸ್ ವಿಲೇಜ್‌ನಲ್ಲಿ ರಾತ್ರಿಯಿಡೀ ಕೇಳುವ ಸಂಗೀತ ಅಲ್ಲಿಗೆ ಹೊಸದಲ್ಲ.

ಊರಿನವರ ಬೆಳಗಿನ ತಿಂಡಿಯನ್ನೂ ಬತೂತಾ ದಾಖಲಿಸಿದ್ದಾನೆ. ಹೆಸರುಕಾಳನ್ನು ಅಕ್ಕಿಯ ಜೊತೆ ಬೇಯಿಸಿ, ತುಪ್ಪ ಹಾಕಿ ಜನ ದಿನಾ ಬೆಳಿಗ್ಗೆ ತಿನ್ನುತ್ತಿದ್ದರು. ಅವನ ಕಿವಿಗೆ ಅದು 'ಕಿಶ್ರಿ'. ತನ್ನ ನಾಡಿನವರಿಗೆ ಹರೀರಾ ಹೇಗೋ ಇವರಿಗೆ ಇದು ಹಾಗೆ ಎಂದು ಓದುಗರಿಗೆ ತಿಳಿಹೇಳುತ್ತಾನೆ. ಕುದುರೆಗಳ ಊಟದ ಬಗ್ಗೆಯಂತೂ ಇನ್ನೂ ಸ್ಪಷ್ಟವಾಗಿದ್ದಾನೆ: ಇಲ್ಲಿಯವರ ಪ್ರಕಾರ ಜವೆಗೋಧಿಯಲ್ಲಿ ಕಸುವಿಲ್ಲ, ಆದ್ದರಿಂದ ಕಡಲೆಯನ್ನೋ ಮಡಕೆಕಾಳನ್ನೋ ಒಡೆದು ನೆನೆಸಿ ಕೊಡುತ್ತಾರೆ. ಕುದುರೆಗೆ ತುಪ್ಪ ಕುಡಿಸುವುದೂ ಉಂಟು. ದಕ್ಷಿಣದಲ್ಲಿ ಈ ಕೆಲಸ ಹುರುಳಿಯದು. ಇಂಗ್ಲಿಷಿನವರು ಅದಕ್ಕೆ ಹಾರ್ಸ್ ಗ್ರಾಂ ಎಂದು ಹೆಸರಿಟ್ಟರು. ಬಸ್ಸಾರು, ಹುರುಳಿಸಾರು ಉಂಡು ಬೆಳೆದವರಿಗೆ ಈ ಹೆಸರು ಸ್ವಲ್ಪ ಚುಚ್ಚುತ್ತದೆ.

ಈ ಯಾವ ಪಟ್ಟಿಯಲ್ಲೂ ಓಟ್ಸ್ ಇಲ್ಲ. ಯುರೋಪಿನಲ್ಲಿ ಅದು ಕುದುರೆಗಳ ಮುಖ್ಯ ಆಹಾರ. ದಿಲ್ಲಿಯ ಕುದುರೆಗಳಿಗೆ ಅದರ ಪರಿಚಯವೇ ಇರಲಿಲ್ಲ.

ಓಟ್ಸ್ ಮೊದಲಿಗೆ ಯಾರೂ ಬಯಸಿ ಬೆಳೆದ ಬೆಳೆಯಲ್ಲ. ಗೋಧಿ, ಜವೆಗೋಧಿಯ ಹೊಲಗಳಲ್ಲಿ ಕಳೆಯಾಗಿ ಬಂದು, ಆ ಬೆಳೆಗಳು ಸೋತ ತಣ್ಣನೆಯ ಒದ್ದೆ ನೆಲದಲ್ಲಿ ತಾನು ಗೆದ್ದು ಬೆಳೆಯಾಯಿತು ಎಂಬುದು ಸಸ್ಯವಿಜ್ಞಾನಿಗಳ ವಿವರಣೆ. ಅದರ ಕಾಡು ನೆಂಟ ಇಂದಿಗೂ ಹರಿಯಾಣಾದ ಗೋಧಿ ಹೊಲಗಳಲ್ಲಿ ರೈತರ ತಲೆನೋವು, ಹೆಸರು ಜಂಗ್ಲಿ ಜಈ. ಹಿಂದಿಯ ಜಈ ಎಂಬ ಮಾತು ಜೌ, ಅಂದರೆ ಜವೆಗೋಧಿ ಎಂಬುದರ ಕಿರಿಯ ರೂಪ. ಕನ್ನಡದಲ್ಲಿ ತೋಕೆಗೋಧಿ ಎಂಬ ಹೆಸರುಂಟು, ಆದರೆ ಅಂಗಡಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಭಾಷೆಗಳೂ ಅದನ್ನು ಬೇರೊಂದು ಧಾನ್ಯದ ತಮ್ಮನಂತೆ ಕಂಡಿವೆ.

ಕುದುರೆಯ ಆಹಾರ ಎಂಬ ಹಣೆಪಟ್ಟಿ ಅದಕ್ಕೆ ಗಟ್ಟಿಯಾಗಿ ಅಂಟಿದ್ದು ಇಂಗ್ಲೆಂಡಿನಲ್ಲಿ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಓಟ್ಸ್ ಪದಕ್ಕೆ ಅರ್ಥ ಬರೆಯುತ್ತ, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವುದನ್ನು ಸ್ಕಾಟ್ಲೆಂಡಿನಲ್ಲಿ ಜನ ತಿಂದು ಬದುಕುತ್ತಾರೆಂದು ಕುಟುಕಿದ. ನಿಘಂಟು ಜಾತಿ ಹೇಳುವ ಪುಸ್ತಕವೂ ಆಗಬಹುದು.

ಧಾನ್ಯಕ್ಕೂ ಜಾತಿಯುಂಟೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತವೂ ರಾಗಿಯೂ ಹೆಚ್ಚುಗಾರಿಕೆಗೆ ಜಗಳ ಕಾಯುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಕೆಡದೆ ಉಳಿದು ಗೆಲ್ಲುವುದು ರಾಗಿ. ಓಟ್ಸ್ ಇದ್ದಿದ್ದರೆ ಆ ಪರೀಕ್ಷೆಯಲ್ಲಿ ಮೊದಲ ಸುತ್ತಿಗೇ ಸೋಲುತ್ತಿತ್ತು. ಉಳಿದ ಧಾನ್ಯಗಳಿಗಿಂತ ಅದರಲ್ಲಿ ಜಿಡ್ಡು ಜಾಸ್ತಿ, ಆ ಜಿಡ್ಡನ್ನು ಒಡೆಯುವ ಕಿಣ್ವವೂ ಕಾಳಿನಲ್ಲೇ ಇದೆ. ಹೊಟ್ಟು ತೆಗೆದು ಜಜ್ಜಿ ಇಟ್ಟರೆ ಕೆಲವೇ ದಿನಗಳಲ್ಲಿ ಕಮಟು, ಕಹಿ. ಹಬೆ ಮತ್ತು ಬಿಸಿಯಲ್ಲಿ ಆ ಕಿಣ್ವವನ್ನು ಕೊಂದು, ಮೆತ್ತಗಾದ ಕಾಳನ್ನು ಉಕ್ಕಿನ ಉರುಳೆಗಳ ನಡುವೆ ಒತ್ತಿ ಅವಲಕ್ಕಿಯಂತೆ ಚಪ್ಪಟೆ ಮಾಡಿದ ಮೇಲೆಯೇ ಅದು ಅಂಗಡಿಯ ಕಪಾಟಿನಲ್ಲಿ ಬಾಳಿಕೆ ಬಂದದ್ದು. ಅವಲಕ್ಕಿ ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಭತ್ತವನ್ನು ನೆನೆಸಿ, ಹುರಿದು, ಕುಟ್ಟುವುದೂ ಇದೇ ತರ್ಕ.

ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಅಮೆರಿಕದ ಓಹಿಯೊದಲ್ಲಿ. ಆಕ್ರನ್ ಊರಿನಲ್ಲಿ ಜರ್ಮನಿಯಿಂದ ಬಂದ ಫರ್ಡಿನಂಡ್ ಶೂಮಾಕರ್ ಓಟ್ಸ್ ಗಿರಣಿ ನಡೆಸಿದ, ಅಂತರ್ಯುದ್ಧದ ಸೈನಿಕರಿಗೆ ಸರಬರಾಜು ಮಾಡಿ ಬೆಳೆದ. ಹತ್ತಿರದ ರವೆನಾ ಊರಿನ ಗಿರಣಿಯೊಂದು 1877ರಲ್ಲಿ ಕ್ವೇಕರ್ ಎಂಬ ಹೆಸರನ್ನು ನೋಂದಾಯಿಸಿತು. ಬೆಳಗಿನ ಸಿರಿಯಲ್ ಒಂದಕ್ಕೆ ಅಮೆರಿಕದಲ್ಲಿ ಸಿಕ್ಕ ಮೊದಲ ಟ್ರೇಡ್‌ಮಾರ್ಕ್ ಅದು. ಗೋಣಿಯಿಂದ ಅಳೆದು ಕೊಡುತ್ತಿದ್ದ ಮೇವು ಚಿತ್ರವಿದ್ದ ಡಬ್ಬಿಗೆ ಬಂತು. ಇದೇ ಓಟ್ಸನ್ನು ಹಾಲು, ಮೊಟ್ಟೆ, ಸಕ್ಕರೆಯೊಡನೆ ತಟ್ಟೆಗೆ ಸುರಿದು ಒಲೆಯೊಳಗಿಟ್ಟು ಬೇಯಿಸುವ ಪದ್ಧತಿಗೆ ಪೆನ್ಸಿಲ್ವೇನಿಯಾದ ಆಮಿಶ್ ಮನೆಗಳ ಹೆಸರು ಅಂಟಿಕೊಂಡಿದೆ. ಬೆಳಿಗ್ಗೆ ಹತ್ತು ಜನ ಉಣ್ಣುವ ಒಕ್ಕಲು ಮನೆಯಲ್ಲಿ ಪಾತ್ರೆಯ ಮುಂದೆ ನಿಂತು ಗಂಜಿ ತಿರುವುವುದಕ್ಕಿಂತ, ಹಿಂದಿನ ರಾತ್ರಿ ಕಲಸಿಟ್ಟು ಬೆಳಿಗ್ಗೆ ಒಲೆಗೆ ತಳ್ಳುವುದು ಸುಲಭ.

ಮತ್ತೆ ಹೌಜ್ ಖಾಸ್‌ಗೆ. ಫಿರೋಜ್ ಶಾ ತುಘಲಕ್ 1351ರಲ್ಲಿ ಪಟ್ಟಕ್ಕೆ ಬರುವ ಹೊತ್ತಿಗೆ ಕೆರೆ ಹೂಳು ತುಂಬಿ ಒಣಗಿತ್ತು. ಜನ ಅದರೊಳಗೆ ಉತ್ತು ಬೆಳೆ ತೆಗೆಯುತ್ತಿದ್ದರು, ಬಾವಿ ತೋಡಿ ನೀರು ಮಾರುತ್ತಿದ್ದರು ಎಂದು ಅವನೇ ಬರೆದುಕೊಂಡಿದ್ದಾನೆ. ಹೂಳೆತ್ತಿಸಿ, ದಂಡೆಯ ಮೇಲೆ ಮದರಸಾ ಕಟ್ಟಿಸಿದ. ಆ ಮದರಸಾದ ಊಟವನ್ನು ಕವಿ ಮುತಹ್ಹರ್ ಹಾಡಿ ಹೊಗಳಿದ್ದಾನೆ: ಹಕ್ಕಿಗಳು, ಮೀನು, ಹುರಿದ ಕೋಳಿ, ರಾಶಿ ಸಿಹಿ, ದಾಳಿಂಬೆಯ ಪಾನಕ, ಚಿನ್ನ ಬೆಳ್ಳಿಯ ತಟ್ಟೆಯಲ್ಲಿ ಎಲೆಅಡಿಕೆ. ಗಂಜಿಯಂಥವು ಹೊಗಳಿಕೆಯ ಕವಿತೆಗಳಿಗೆ ಬರುವುದಿಲ್ಲ. ಅವು ದಾಖಲಾಗಲು ಪರದೇಶದ ಒಬ್ಬ ಹಸಿದ ಕಾಜಿ ಬೇಕು.

ಅದೇ ಫಿರೋಜ್ ಶಾ 1354ರಲ್ಲಿ ಹಿಸಾರ್ ಪಟ್ಟಣ ಕಟ್ಟಿಸಿ, ಯಮುನೆಯಿಂದ ಅಲ್ಲಿಗೆ ಕಾಲುವೆ ಹರಿಸಿದ. ಮೊದಲು ಅಲ್ಲಿ ಮುಂಗಾರಿನ ಬೆಳೆ ಮಾತ್ರ ಆಗುತ್ತಿತ್ತು, ಕಾಲುವೆ ಬಂದ ಮೇಲೆ ಗೋಧಿಯೂ ಆಯಿತೆಂದು ಇತಿಹಾಸಕಾರ ಅಫೀಫ್ ಹೇಳುತ್ತಾನೆ. ಓಟ್ಸ್ ಕೂಡ ಗೋಧಿಯಂತೆ ಚಳಿಗಾಲದ, ನೀರು ಬೇಡುವ ಬೆಳೆ. ಈಸ್ಟ್ ಇಂಡಿಯಾ ಕಂಪನಿ 1809ರಲ್ಲಿ ಹಿಸಾರ್‌ನಲ್ಲಿ ಜಾನುವಾರು ಫಾರಂ ತೆರೆಯಿತು. ಸಹಾರನ್‌ಪುರ, ಹಾಪುಡ್ ಬಳಿಯ ಬಾಬುಗಢಗಳಲ್ಲಿ ಸೇನೆಯ ಕುದುರೆ ಫಾರಂಗಳು ಬೆಳೆದವು. ಉತ್ತರ ಭಾರತದ ಬಯಲಿನಲ್ಲಿ ಜಈ ನೆಲೆಗೊಂಡದ್ದು ಈ ಬಗೆಯ ಪ್ರಾಣಿಗಳ ಹಸಿರು ಮೇವಾಗಿ. ಹಿಸಾರ್‌ನ ಕೃಷಿ ವಿಶ್ವವಿದ್ಯಾಲಯ ಮುಂದೆ ಹೊರತಂದ ತಳಿಗಳಿಗೆ 'ಹರಿಯಾಣಾ ಜವಿ' ಎಂದು ಹೆಸರು, ಅವು ಇಂದಿಗೂ ಮೇವಿನ ತಳಿಗಳೇ. ಕಾಲುವೆ ತೋಡಿಸಿದವನ ಗೋರಿ ಇರುವುದು ಹೌಜ್ ಖಾಸ್‌ನಲ್ಲಿ. ಅದರ ಬೆನ್ನಿಗಿರುವ ಫ್ಲಾಟುಗಳಲ್ಲಿ ಹಿಸಾರ್‌ನ ಎಮ್ಮೆಗಳು ತಿನ್ನುವ ಜಾತಿಯದೇ ಧಾನ್ಯ ಬೆಳಗಿನ ಆರೋಗ್ಯವಾಗಿದೆ.

ಆ ಫ್ಲಾಟುಗಳ ಅಡುಗೆಮನೆಗೆ ಓವನ್ ಬರಲು ಮಾತ್ರ ತುಂಬಾ ಕಾಲ ಹಿಡಿಯಿತು. ಹೌಜ್ ಖಾಸ್ ಬಡಾವಣೆ ಎದ್ದದ್ದು ವಿಭಜನೆಯ ನಂತರ ದಿಲ್ಲಿ ದಕ್ಷಿಣಕ್ಕೆ ಹಬ್ಬಿದಾಗ. ಪಂಜಾಬಿನಿಂದ ಬಂದ ಕುಟುಂಬಗಳಿಗೆ ಬೇಯಿಸುವ ಒಲೆ ಎಂದರೆ ಓಣಿಯ ತಂದೂರು, ಕಲಸಿದ ಹಿಟ್ಟು ಹಿಡಿದು ಹೋಗಿ ರೊಟ್ಟಿ ಹಾಕಿಸಿಕೊಂಡು ಬರುವ ಜಾಗ. ಬಿಸ್ಕತ್ತಿಗೂ ಅದೇ ರೂಢಿ. ಮನೆಯ ಹಿಟ್ಟು, ತುಪ್ಪ, ಸಕ್ಕರೆ ಬೇಕರಿಗೆ ಒಯ್ದು ಕೊಟ್ಟರೆ ಸಂಜೆಗೆ ತಗಡಿನ ಡಬ್ಬಿ ತುಂಬ ಆಟಾ ಬಿಸ್ಕತ್ತು. ಕೆಳಗೂ ಮೇಲೂ ಕೆಂಡವಿಟ್ಟು ನಾನ್‌ಖಟಾಯಿ ಬೇಯಿಸುವ ತಳ್ಳುಗಾಡಿಗಳು ಚಳಿಗಾಲದಲ್ಲಿ ಈಗಲೂ ಕಾಣುತ್ತವೆ. ಬೇಕ್ ಮಾಡುವುದು ಮನೆಯ ಹೊರಗಿನ, ಹೆಚ್ಚಾಗಿ ಗಂಡಸರ ಕೆಲಸ. ಒಳಗೆ ಗ್ಯಾಸಿನ ಮೇಲೆ ಹೆಂಗಸರು ಮಾಡುತ್ತಿದ್ದುದು ದಲಿಯಾ, ಒಡೆದ ಗೋಧಿಯ ಗಂಜಿ. ಅದು ಕಾಯಿಲೆಯವರ ಊಟವೆಂದೇ ಹೆಸರಾಗಿತ್ತು. ವಿದ್ಯುತ್ ಒಟಿಜಿ ಮಧ್ಯಮವರ್ಗದ ಅಡುಗೆಕಟ್ಟೆಗೆ ಬಂದ ಮೇಲೆಯೇ ಈ ಒಳಹೊರಗಿನ ಗೆರೆ ಅಳಿಸತೊಡಗಿದ್ದು.

ಡಬ್ಬಿಯ ತಿಂಡಿಗೂ ಬಾಗಿಲು ಕೂಡಲೇ ತೆರೆಯಲಿಲ್ಲ. ಕೆಲಾಗ್ ಕಂಪನಿ 1994ರಲ್ಲಿ ಭಾರತಕ್ಕೆ ಬಂದಾಗ ಜನ ಕಾರ್ನ್‌ಫ್ಲೇಕ್ಸ್‌ಗೆ ಬಿಸಿ ಹಾಲು ಹಾಕಿ, ಅದು ಮೆತ್ತಗಾಗಿ, ಮಾರಾಟ ಸೊರಗಿತು. ಓಟ್ಸ್‌ಗೆ ಆ ತೊಂದರೆ ಇರಲಿಲ್ಲ, ಬಿಸಿಯೇ ಅದರ ಸ್ವಭಾವ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ, ಓಟ್ಸ್‌ನ ಕರಗುವ ನಾರು ಹೃದ್ರೋಗದ ಅಪಾಯ ತಗ್ಗಿಸಬಹುದೆಂದು ಡಬ್ಬಿಯ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತು. ಬೀಟಾ ಗ್ಲೂಕನ್ ಎಂಬ ಆ ನಾರು ದಿನಕ್ಕೆ 3 ಗ್ರಾಂ ಬೇಕು. ಅದಕ್ಕೆ ಸುಮಾರು 60ರಿಂದ 75 ಗ್ರಾಂ ಓಟ್ಸ್ ತಿನ್ನಬೇಕು. 2006ರಲ್ಲಿ ಕ್ವೇಕರ್ ಭಾರತದ ಅಂಗಡಿಗಳಿಗೆ ಬಂದಾಗ ಜೊತೆಗೆ ಬಂದದ್ದು ಈ ಹೃದಯದ ಮಾತು. ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಮನೆಮನೆಯ ಮಾತಾಗಿದ್ದ ಹೊತ್ತದು. ಮಾತು ಸುಳ್ಳಲ್ಲ. ಆದರೆ ಜವೆಗೋಧಿಯಲ್ಲೂ ಅದೇ ನಾರು ಧಾರಾಳವಾಗಿದೆ ಎಂಬುದನ್ನು ಓಟ್ಸ್ ಡಬ್ಬಿ ಯಾಕೆ ಹೇಳೀತು?

ಮನೆಯಲ್ಲಿ ಬೇಕ್ ಮಾಡುವ ಕ್ರಮ ಕಷ್ಟದ್ದಲ್ಲ. ಎರಡು ಕಪ್ ರೋಲ್ಡ್ ಓಟ್ಸ್, ಅಂದರೆ ಸುಮಾರು 200 ಗ್ರಾಂ. ಇನ್‌ಸ್ಟಂಟ್ ಬಗೆಯದು ಬೇಡ, ಮುದ್ದೆಯಾಗುತ್ತದೆ. ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಅರ್ಧ ಚಮಚ ದಾಲ್ಚಿನ್ನಿ ಪುಡಿ. ಎರಡು ಕಳಿತ ಬಾಳೆಹಣ್ಣು ಕಿವುಚಿ, ಕಾಲು ಕಪ್ ಬೆಲ್ಲದ ಪುಡಿ, ಎರಡು ಚಮಚ ತುಪ್ಪ, ಎರಡು ಕಪ್ ತಣ್ಣನೆಯ ಹಾಲು ಸೇರಿಸಬೇಕು. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ. ಮೊಟ್ಟೆ ತಿನ್ನುವವರು ಒಂದು ಮೊಟ್ಟೆ ಹಾಕಬಹುದು, ತಿನ್ನದವರಿಗೆ ನೆನೆಸಿದ ಅಗಸೆಬೀಜದ ಪುಡಿ ಒಂದು ಚಮಚ ಸಾಕು. ಮೇಲೆ ಅಕ್ರೋಟು. ತುಪ್ಪ ಸವರಿದ ತಟ್ಟೆಯಲ್ಲಿ 180 ಡಿಗ್ರಿಗೆ 35ರಿಂದ 40 ನಿಮಿಷ. ಅಂಚು ಕಂದು ತಿರುಗಿ, ನಡು ಅಲುಗಾಡದೆ ನಿಂತರೆ ಆಯಿತು. ಹತ್ತು ನಿಮಿಷ ಆರಿದ ಮೇಲೆ ಕತ್ತರಿಸಿದರೆ ನಾಲ್ಕು ಜನಕ್ಕೆ ಸಾಕು. ತಲಾ 50 ಗ್ರಾಂ ಓಟ್ಸ್ ಅಷ್ಟೇ, ಡಬ್ಬಿಯ ಲೆಕ್ಕಕ್ಕೆ ಸ್ವಲ್ಪ ಕಡಿಮೆ. ಜನವರಿಯ ದಿಲ್ಲಿಯಲ್ಲಿ ಒಟಿಜಿ ಅಡುಗೆಮನೆಯನ್ನೂ ಬೆಚ್ಚಗಿಡುತ್ತದೆ, ಆ ಲಾಭ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಉತ್ತರ ಕರ್ನಾಟಕದಲ್ಲೂ ದಿಲ್ಲಿಯಲ್ಲೂ ಬೆಳಗಿನ ತಿಂಡಿಗೆ ನಾಷ್ಟಾ ಎನ್ನುತ್ತಾರೆ. ಪಾರ್ಸಿಯಲ್ಲಿ ಆ ಮಾತಿಗೆ ಮೊದಲು ಇದ್ದ ಅರ್ಥ ಬೆಳಗಿನಿಂದ ಏನೂ ತಿನ್ನದವನು, ಖಾಲಿ ಹೊಟ್ಟೆಯವನು. ಹೌಜ್ ಖಾಸ್‌ನ ಕಿರಾಣಿ ಅಂಗಡಿಗಳಲ್ಲಿ ಆ ಹಳೆಯ ಅರ್ಥಕ್ಕೆ ವರ್ಷಕ್ಕೆ ಎರಡು ಸಲ ಜೀವ ಬರುತ್ತದೆ. ನವರಾತ್ರಿಯಲ್ಲಿ ಉಪವಾಸದವರಿಗೆ ಗೋಧಿ, ಅಕ್ಕಿ ವರ್ಜ್ಯ, ಓಟ್ಸ್ ಕೂಡ ಧಾನ್ಯವಾದ್ದರಿಂದ ವರ್ಜ್ಯ. ಆಗ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬರುವುದು ಕುಟ್ಟು ಹಿಟ್ಟು, ಸೈಂಧವ ಉಪ್ಪು, ಮತ್ತು ಸಮಾಕ್ ಕೇ ಚಾವಲ್ ಎಂದು ಬರೆದ ಅರ್ಧ ಕಿಲೋ ಪೊಟ್ಟಣ. ಬಿತ್ತದೆ ಬೆಳೆದದ್ದು ಉಪವಾಸಕ್ಕೆ ಸಲ್ಲುತ್ತದೆಂಬ ಹಳೆಯ ಎಣಿಕೆಯೇ ಅದನ್ನು ಅಲ್ಲಿ ಉಳಿಸಿರುವುದು. ಬಡವರ ದಿನದೂಟದಿಂದ ಅದು ಎಂದೋ ಜಾರಿದೆ, ಹೊಲಗಳಿಂದಲೂ ಬಹುಪಾಲು ಹೋಗಿದೆ. ಒಂಬತ್ತು ದಿನ ಅದನ್ನು ಹಾಲಿನಲ್ಲಿ ಬೇಯಿಸಿ ಖೀರು ಮಾಡುತ್ತಾರೆ. ದಿಲ್ಲಿಯಲ್ಲಿ ಮಾರುವ ಕೆನೆಭರಿತ ಹಾಲಿನಲ್ಲಿ ಎಮ್ಮೆಯ ಪಾಲು ದೊಡ್ಡದು, ಆದ್ದರಿಂದ ಅಡುಗೆ ಹೆಚ್ಚುಕಡಿಮೆ ಬತೂತಾ ತಿಂದದ್ದೇ. ಹತ್ತನೆಯ ದಿನ ಪೊಟ್ಟಣಗಳು ಒಳಗೆ ಹೋಗುತ್ತವೆ, ಓಟ್ಸ್ ಮುಂದಿನ ಸಾಲಿಗೆ ಬರುತ್ತದೆ.