ಯಾರು ಆಕ್ಷೇಪಿಸಬಹುದು? ಭಾರತದ ಔಷಧ ಪೇಟೆಂಟ್ ಕಾನೂನಿನಲ್ಲಿ ಮಂಜೂರಾತಿಗೆ ಮುನ್ನದ ಹಕ್ಕು

ಭಾರತದ ಪೇಟೆಂಟ್ ಕಾನೂನನ್ನು ಕುರಿತ ಚರ್ಚೆ ಸಾಮಾನ್ಯವಾಗಿ 3(ಡಿ) ಕಲಮಿನ ಬಳಿ ಬಂದು ನಿಲ್ಲುತ್ತದೆ. ಗೊತ್ತಿರುವ ವಸ್ತುವಿನ ಹೊಸ ಲವಣವನ್ನೋ ಹೊಸ ಸ್ಫಟಿಕ ರೂಪವನ್ನೋ ಮುಂದಿಟ್ಟವರು ಅದರ ಪರಿಣಾಮ ಹೆಚ್ಚಿದೆಯೆಂದು ತೋರಿಸದಿದ್ದರೆ ಪೇಟೆಂಟ್ ಇಲ್ಲ ಎನ್ನುವ ಈ ಕಲಂ ಈಗಿನ ರೂಪ ಪಡೆದದ್ದು 2005ರ ತಿದ್ದುಪಡಿಯಲ್ಲಿ. ಅದರ ಮಹತ್ವ ನಿರ್ವಿವಾದ. ಆದರೆ ಕಲಂ ತಾನಾಗಿ ಕೆಲಸ ಮಾಡುವುದಿಲ್ಲ, ಅದನ್ನು ಎತ್ತಿ ತೋರಿಸುವವರು ಬೇಕು. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮೊದಲು ‘ಯಾವುದೇ ವ್ಯಕ್ತಿ’ ಆಕ್ಷೇಪಣೆ ಸಲ್ಲಿಸಬಹುದು ಎನ್ನುವ 25(1)ನೇ ಕಲಮೇ ಆ ಅವಕಾಶ ಕೊಟ್ಟದ್ದು. ಅಭಿವೃದ್ಧಿಶೀಲ ದೇಶವೊಂದರ ಬೌದ್ಧಿಕ ಆಸ್ತಿ ಕಾನೂನಿನ ಬಲವನ್ನು ಅಳೆಯುವಾಗ ಈ ಕಲಮನ್ನು 3(ಡಿ)ಗಿಂತ ಮೊದಲು ನೋಡಬೇಕು ಎಂಬುದು ಈ ಲೇಖನದ ವಾದ.

ಬ್ರಿಟಿಷರ ಕಾಲದ 1911ರ ಕಾಯ್ದೆಯನ್ನು ಪರಾಮರ್ಶಿಸಿದ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿ 1970ರ ಪೇಟೆಂಟ್ ಕಾಯ್ದೆಗೆ ತಳಹದಿಯಾಯಿತು. ಆ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡಲಿಲ್ಲ. ಅದನ್ನು ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು, ಅದೂ ಹೆಚ್ಚೆಂದರೆ ಏಳು ವರ್ಷಕ್ಕೆ. ಭಾರತದ ಜೆನೆರಿಕ್ ಔಷಧೋದ್ಯಮ ಬೆಳೆದದ್ದು ಈ ನೆಲೆಯ ಮೇಲೆ. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೆಲೆಯಿದ್ದ ಏಡ್ಸ್ ಚಿಕಿತ್ಸೆಯ ಮೂರು ಔಷಧಿಗಳನ್ನು 350 ಡಾಲರಿಗೆ ಕೊಡುವೆನೆಂದು ಸಿಪ್ಲಾ 2001ರಲ್ಲಿ ಹೇಳಲು ಸಾಧ್ಯವಾದದ್ದೂ ಇದರಿಂದಲೇ. ವಿಶ್ವ ವ್ಯಾಪಾರ ಸಂಸ್ಥೆಯ 1995ರ ಟ್ರಿಪ್ಸ್ ಒಪ್ಪಂದ ಕೊಟ್ಟಿದ್ದ ಹತ್ತು ವರ್ಷದ ಗಡುವು ಮುಗಿದಾಗ ಔಷಧಿಯ ಮೇಲಿನ ಪೇಟೆಂಟನ್ನು ಮರಳಿ ತರಲೇಬೇಕಾಯಿತು. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಆಕ್ಷೇಪಣೆಯ ಹಕ್ಕನ್ನು ಮೊಟಕುಗೊಳಿಸಿತ್ತು. ಎಡಪಕ್ಷಗಳ ಬೆಂಬಲದ ಮೇಲೆ ನಿಂತಿದ್ದ ಅಂದಿನ ಸರ್ಕಾರ ಅವುಗಳ ಒತ್ತಾಯಕ್ಕೆ ಮಣಿದು ಅದನ್ನು ಮತ್ತೆ ವಿಸ್ತರಿಸಿತು. 1970ರ ಕಾಯ್ದೆಯಲ್ಲಿ ಆಕ್ಷೇಪಿಸಲು ‘ಹಿತಾಸಕ್ತಿಯುಳ್ಳ ವ್ಯಕ್ತಿ’ಯೇ ಆಗಿರಬೇಕಿತ್ತು. 2005ರಲ್ಲಿ ಆ ಷರತ್ತು ಹೋಯಿತು. ಹಕ್ಕುದಾರರ ಅಧಿಕಾರ ಹಿಗ್ಗಿದ ಗಳಿಗೆಯಲ್ಲೇ ಅವರನ್ನು ಪ್ರಶ್ನಿಸುವವರ ವಲಯವೂ ಹಿಗ್ಗಿತು.

ಫಲ ಬೇಗ ಕಾಣಿಸಿತು. ರಕ್ತದ ಕ್ಯಾನ್ಸರಿಗೆ ಕೊಡುವ ಗ್ಲೀವೆಕ್‌ನ ಬೀಟಾ ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಸಲ್ಲಿಸಿದ್ದ ಅರ್ಜಿಯ ವಿರುದ್ಧ ಜೆನೆರಿಕ್ ಕಂಪನಿಗಳ ಜೊತೆ ಕ್ಯಾನ್ಸರ್ ರೋಗಿಗಳ ನೆರವಿನ ಸಂಘವೂ ಆಕ್ಷೇಪಣೆ ಹಾಕಿತು. ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿಯ ಈ ಔಷಧಿಯ ಜೆನೆರಿಕ್ ಸುಮಾರು ಹತ್ತು ಸಾವಿರಕ್ಕೆ ಸಿಗುತ್ತಿತ್ತು. 2006ರ ಜನವರಿಯಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ಔಷಧಿಯ ವಿಷಯದಲ್ಲಿ ಪರಿಣಾಮವೆಂದರೆ ಚಿಕಿತ್ಸಕ ಪರಿಣಾಮವೇ ಎಂದು ಹೇಳಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಆ ತಿರಸ್ಕಾರವನ್ನು ಎತ್ತಿಹಿಡಿಯಿತು. ಔಷಧ ನಿರೋಧಕ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್‌ನ ಕಥೆ ಇನ್ನೂ ಸ್ಪಷ್ಟ. ಜಾನ್ಸನ್ ಅಂಡ್ ಜಾನ್ಸನ್ ಅದರ ಫ್ಯುಮರೇಟ್ ಲವಣಕ್ಕೆ ಕೇಳಿದ್ದ ಪೇಟೆಂಟನ್ನು ಕ್ಷಯದಿಂದ ಗುಣವಾಗಿದ್ದ ಇಬ್ಬರು ಮಹಿಳೆಯರು ಪ್ರಶ್ನಿಸಿದರು. ಹಳೆಯ ಔಷಧಿಗಳ ದುಷ್ಪರಿಣಾಮದಿಂದ ಇಬ್ಬರೂ ಕಿವುಡರಾಗಿದ್ದರು. ಅವರಲ್ಲೊಬ್ಬರು ದಕ್ಷಿಣ ಆಫ್ರಿಕಾದವರು. 2023ರ ಮಾರ್ಚಿನಲ್ಲಿ ಅರ್ಜಿ ತಿರಸ್ಕೃತವಾಗಿ, ಕಂಪನಿಯ ಏಕಸ್ವಾಮ್ಯ 2027ರವರೆಗೆ ಎಳೆಯುವುದು ತಪ್ಪಿತು.

ಮಂಜೂರಾದ ಮೇಲೂ ಪರಿಹಾರವಿದೆಯಲ್ಲ ಎನ್ನುವವರು ನೆಕ್ಸಾವರ್ ಪ್ರಕರಣವನ್ನು ನೋಡಬೇಕು. ಬೇಯರ್ ಕಂಪನಿಗೆ 2008ರಲ್ಲಿ ಪೇಟೆಂಟ್ ಸಿಕ್ಕಿತು. ತಿಂಗಳಿಗೆ 2.8 ಲಕ್ಷ ರೂಪಾಯಿಯ ಆ ಔಷಧಿಯನ್ನು ಒಂಬತ್ತು ಸಾವಿರದೊಳಗೆ ಮಾರಲು ಜೆನೆರಿಕ್ ಕಂಪನಿ ನ್ಯಾಟ್ಕೋಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಹೊಂದಿದವರ ಒಪ್ಪಿಗೆಯಿಲ್ಲದೆಯೂ ತಯಾರಿಸುವ ಅನುಮತಿ, ದೊರೆತದ್ದು 2012ರ ಮಾರ್ಚಿನಲ್ಲಿ, ವ್ಯಾಜ್ಯ ಮುಗಿದದ್ದು 2014ರ ಡಿಸೆಂಬರಿನಲ್ಲಿ. ಯಕೃತ್ತಿನ, ಮೂತ್ರಪಿಂಡದ ಕ್ಯಾನ್ಸರ್ ಇರುವವರಿಗೆ ಅಷ್ಟು ಆಯುಸ್ಸು ಎಲ್ಲಿಂದ ಬರಬೇಕು? ಅದಾದ ಮೇಲೆ ಔಷಧಿಗೆ ಇನ್ನೊಂದು ಕಡ್ಡಾಯ ಪರವಾನಗಿ ಕೊಟ್ಟ ನಿದರ್ಶನವೂ ಇಲ್ಲ.

ಇದರಿಂದ ಸಂಶೋಧನೆಗೆ ಧಕ್ಕೆಯೆಂಬ ಆಕ್ಷೇಪ ಹಳೆಯದು. ಹೊಸ ಅಣುವಿಗೆ ಭಾರತ ಪೇಟೆಂಟ್ ಕೊಡುತ್ತದೆ, ಬೇಯರ್‌ಗೆ ಕೊಟ್ಟದ್ದೇ ಸಾಕ್ಷಿ. ತಡೆಯುವುದು ಅದೇ ಅಣುವಿನ ಮೇಲೆ ಎರಡನೆಯ ಸಲ ಪಡೆಯುವ ಏಕಸ್ವಾಮ್ಯವನ್ನು. ವಿಳಂಬದ ದೂರು ಮಾತ್ರ ತಕ್ಕಮಟ್ಟಿಗೆ ನಿಜ. ಬೇನಾಮಿ ಹೆಸರಿನಲ್ಲಿ, ಒಂದರ ಹಿಂದೊಂದು ಆಕ್ಷೇಪಣೆ ಹಾಕಿ ಅರ್ಜಿಯನ್ನು ಎಳೆಯುವ ಸ್ಪರ್ಧಿಗಳೂ ಇದ್ದಾರೆ. ಆದರೆ ವಿಳಂಬಕ್ಕೆ ಮದ್ದು ಕಾಲಮಿತಿ. 2024ರ ಮಾರ್ಚ್ 15ರ ನಿಯಮಗಳು ಬೇರೆ ದಾರಿ ಹಿಡಿದವು. ಅದುವರೆಗೆ ಇಲ್ಲದ ಶುಲ್ಕವನ್ನು ವಿಧಿಸಿದವು, ಆಕ್ಷೇಪಣೆ ವಿಚಾರಣೆಗೆ ಅರ್ಹವೇ ಎಂದು ಮೊದಲು ತೀರ್ಮಾನಿಸುವ ಅಧಿಕಾರವನ್ನು ಪೇಟೆಂಟ್ ನಿಯಂತ್ರಕರಿಗೆ ಕೊಟ್ಟವು. ಸ್ವಿಟ್ಜರ್ಲೆಂಡ್ ಒಳಗೊಂಡ ಎಫ್ಟಾ ಒಕ್ಕೂಟದೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದು ಆಗ ಐದು ದಿನವಾಗಿತ್ತು. ಎರಡರ ನಡುವೆ ಕಾರ್ಯಕಾರಣ ಸಂಬಂಧ ಹೇಳಲು ದಿನಾಂಕಗಳಷ್ಟೇ ಸಾಲವು. ಹೊಸ ಹೊರೆ ಯಾರ ಮೇಲೆ ಬಿತ್ತು ಎಂಬುದಕ್ಕೆ ಪುರಾವೆ ಬೇಕಿಲ್ಲ. ಜೆನೆರಿಕ್ ಕಂಪನಿಗೆ ಶುಲ್ಕ ಲೆಕ್ಕಕ್ಕಿಲ್ಲ, ವಕೀಲರೂ ಸಿದ್ಧ. ರೋಗಿಗಳ ಸಂಘಕ್ಕೆ ಎರಡೂ ಇಲ್ಲ. ಆದ್ದರಿಂದ ರೋಗಿಗಳಿಗೂ ಅವರ ಸಂಘಗಳಿಗೂ ಶುಲ್ಕ ರದ್ದಾಗಬೇಕು, ಅವರ ಆಕ್ಷೇಪಣೆಯನ್ನು ಮಾತು ಕೇಳದೆ ಹೊಸಿಲಲ್ಲೇ ತಳ್ಳಿಹಾಕಬಾರದು, ಪ್ರತಿ ಆಕ್ಷೇಪಣೆಯ ಇತ್ಯರ್ಥಕ್ಕೂ ನಿಯಮದಲ್ಲೇ ಗಡುವು ಬರಬೇಕು. ಇದಕ್ಕೆ ಸಂಸತ್ತಿನ ತಿದ್ದುಪಡಿಯೂ ಬೇಡ, ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಸಾಕು.