ಭೂಕಂಪದ ಮುನ್ಸೂಚನೆಗಳು: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಭೂಕಂಪವು ಸಂಭವಿಸುವ ದಿನ, ವೇಳೆ ಮತ್ತು ಸ್ಥಳವನ್ನು ನಿಖರವಾಗಿ ಮುಂಚಿತವಾಗಿ ತಿಳಿಸುವ ವಿಧಾನವು ಜಗತ್ತಿನ ಯಾವುದೇ ದೇಶದಲ್ಲಿ ಇರುವುದಿಲ್ಲ. ಬಾವಿಯ ನೀರು ಏರಿಳಿಯುವುದು ಅಥವಾ ಬಗ್ಗಡವಾಗುವುದು, ದನಕರು, ನಾಯಿ ಹಾಗೂ ಹಾವುಗಳ ಅಸಹಜ ವರ್ತನೆ, ನೆಲದೊಳಗಿನ ಸದ್ದು ಮತ್ತು ಸರಣಿ ಲಘು ಕಂಪನಗಳನ್ನು ಮುನ್ಸೂಚನೆಗಳೆಂದು ಬಹುಕಾಲದಿಂದ ಹೇಳಲಾಗುತ್ತಿದೆ. ಬಾವಿ ನೀರಿನ ವ್ಯತ್ಯಾಸಕ್ಕೆ ಮಳೆ ಹಾಗೂ ಸುತ್ತಲಿನ ಕೊಳವೆ ಬಾವಿಗಳೇ ಸಾಮಾನ್ಯ ಕಾರಣ. ಪ್ರಾಣಿಗಳ ವರ್ತನೆಯೂ ನಂಬಲರ್ಹ ಸೂಚನೆಯಲ್ಲ. ಲಘು ಕಂಪನಗಳನ್ನು ವಿಜ್ಞಾನಿಗಳು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತಾರೆ. ಆದರೆ ಅವು ಪೂರ್ವ ಕಂಪನಗಳಾಗಿದ್ದವು ಎಂಬುದು ದೊಡ್ಡ ಕಂಪನವಾದ ನಂತರವೇ ತಿಳಿಯುತ್ತದೆ.

ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1992ರ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಹಲವು ಬಾರಿ ನೆಲ ಕಂಪಿಸಿ, ಬಳಿಕ ಶಾಂತವಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಭೂಕಂಪವಾಗಿ ಸುಮಾರು 10,000 ಜನರು ಮೃತಪಟ್ಟರು. ಅಂದಿನ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ವಲಯವಾಗಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರಲ್ಲಿ ಭೂಮಿಯೊಳಗಿನ ಸದ್ದು ಮತ್ತು ಕಂಪನಗಳಿಗೆ ಹೆದರಿ ಅನೇಕರು ಊರು ಬಿಟ್ಟರು. 2022ರಲ್ಲಿ ಕೊಡಗು ಮತ್ತು ಸುಳ್ಯ ಭಾಗದಲ್ಲಿಯೂ ನೆಲ ಪದೇ ಪದೇ ಕಂಪಿಸಿತು. ಈ ಎರಡೂ ಕಡೆ ದೊಡ್ಡ ಭೂಕಂಪವು ಹಿಂಬಾಲಿಸಲಿಲ್ಲ.

ಚೀನಾದ ಅನುಭವವೂ ಇಂತಹುದೇ. 1975ರ ಫೆಬ್ರವರಿ 4ರಂದು ಹೈಚೆಂಗ್‌ನಲ್ಲಿ ಪೂರ್ವ ಕಂಪನಗಳನ್ನು ಗಮನಿಸಿ ಜನರನ್ನು ಮನೆಗಳಿಂದ ಹೊರಗೆ ಕಳುಹಿಸಿದ್ದರಿಂದ ಅನೇಕ ಜೀವಗಳು ಉಳಿದವು. ಮರುವರ್ಷ ಜುಲೈ 28ರಂದು ತಾಂಗ್‌ಶಾನ್‌ನಲ್ಲಿ ಅಂತಹ ಕಂಪನಗಳು ಕಾಣಲಿಲ್ಲ, 2.4 ಲಕ್ಷಕ್ಕೂ ಹೆಚ್ಚು ಜನರು ಸತ್ತರು.

2002ರ ಭಾರತೀಯ ಮಾನಕದ ನಕ್ಷೆಯಲ್ಲಿ ಕರ್ನಾಟಕವನ್ನು 2 ಮತ್ತು 3ನೇ ವಲಯಗಳಲ್ಲಿ ಗುರುತಿಸಲಾಗಿತ್ತು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಪ್ರಾಚೀನ ಗಟ್ಟಿ ಶಿಲೆಯ ಭೂಭಾಗದಲ್ಲಿದ್ದರೂ ಇಲ್ಲಿ ಭೂಕಂಪವೇ ಆಗದೆಂದು ಭಾವಿಸಲಾಗದು. ಕಿಲ್ಲಾರಿಯಲ್ಲಿ ಹೆಚ್ಚಿನ ಪ್ರಾಣಹಾನಿಗೆ ಕಾರಣವಾದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಭಾರವಾದ ಮಣ್ಣಿನ ಮಾಳಿಗೆಗಳು.

ಆದ್ದರಿಂದ ಲಘು ಕಂಪನದ ಅನುಭವವಾದಲ್ಲಿ ಸಾರ್ವಜನಿಕರು ದಿನಾಂಕ ಹೇಳುವ ವದಂತಿಗಳಿಗೆ ಕಿವಿಗೊಡದೆ, ಗ್ರಾಮ ಪಂಚಾಯಿತಿ ಅಥವಾ ತಹಶೀಲ್ದಾರರ ಕಚೇರಿಗೆ ತಿಳಿಸತಕ್ಕದ್ದು. ಬಿರುಕು ಬಿಟ್ಟ ಮಣ್ಣಿನ ಗೋಡೆ, ಗೆದ್ದಲು ಹಿಡಿದ ತೊಲೆ, ಸಡಿಲ ಹೆಂಚುಗಳನ್ನು ಪರಿಶೀಲಿಸಿ ದುರಸ್ತಿ ಮಾಡಿಸಿಕೊಳ್ಳಬೇಕು. ಅಟ್ಟದ ಮೇಲಿನ ಭಾರದ ವಸ್ತುಗಳನ್ನು ಕೆಳಗಿಳಿಸಬೇಕು. ದುರಸ್ತಿ ಆಗುವವರೆಗೆ ಅಂತಹ ಗೋಡೆಯ ಬದಿಯಲ್ಲಿ ಮಕ್ಕಳನ್ನು, ವೃದ್ಧರನ್ನು ಮಲಗಿಸಬಾರದು.